ಗೂಟಕ್ಕೆ ತೂಗಿದ ಗಂಟು

ಗೊಲ್ಲಾಳಮ್ಮನ ಗಂಟು ಪಡಸಾಲೆಯ ಗೂಟಕ್ಕೆ ತೂಗಿ ಹನ್ನೊಂದು ದಿನವಾಗಿತ್ತು. ಎರಡು ಇಳಕಲ್ ಸೀರೆ, ಒಂದು ಕೌದಿ, ಒಂದು ವಿಭೂತಿ ಗಟ್ಟಿ, ತವರಿನಿಂದ ತಂದ ಹಿತ್ತಾಳೆ ತಂಬಿಗೆ. ಇಷ್ಟನ್ನು ಹಳೇ ಧೋತರದಲ್ಲಿ ಕಟ್ಟಿ, ಮೂರು ಗಂಟು ಬಿಗಿದು, ತಾನೇ ಕೈಯಾರೆ ತೂಗುಹಾಕಿದ್ದಳು.

"ಬರೂ ಅಮಾಸಿಗೆ ಅಬ್ಬೆತುಮಕೂರಿಗೆ ಹೋಗ್ತೀನಿ. ಮಠದ ಅಂಗಳ ಕಸಾ ಹೊಡಕೊಂಡು ಇರ್ತೀನಿ. ದಾಸೋಹದಾಗ ಕುಂತು ಉಣ್ತೀನಿ. ಅಲ್ಲಿ ನನ್ನ ಬಾಯಿ ಯಾರೂ ನೋಡೂದಿಲ್ಲ" ಎಂದು ಮಗ ಹಂಪಣ್ಣನಿಗೆ ಹೇಳಿದ್ದಳು.

ಹಂಪಣ್ಣ ಮೊದಲು ನಕ್ಕ. ಆಮೇಲೆ ಸಿಟ್ಟಿಗೆದ್ದ. ಆಮೇಲೆ ಸುಮ್ಮನಾದ. ತಾಯಿಯ ಮಾತೆಂದರೆ ಕಲ್ಲಿನ ಮೇಲಿನ ಗೀಟು ಎಂಬುದು ಶಹಾಪುರದ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ.

ಇಷ್ಟಕ್ಕೆಲ್ಲ ಕಾರಣ ಹಲ್ಲು. ಐದು ತಿಂಗಳ ಹಿಂದೆ ಯಾದಗಿರಿಗೆ ಹೋಗಿ ಉಳಿದ ನಾಲ್ಕು ಹಲ್ಲನ್ನೂ ಕೀಳಿಸಿಕೊಂಡು ಬಂದಿದ್ದಳು. ಹೊಸ ಹಲ್ಲಿನ ಸೆಟ್ಟನ್ನೂ ಮಾಡಿಸಿದ್ದರು. ಒಂದು ದಿನ ಹಾಕಿಕೊಂಡು ಕನ್ನಡಿ ನೋಡಿದವಳೇ, "ಯಾರೋ ಸತ್ತವರ ಹಲ್ಲು ಕಾಣ್ತಾವ" ಎಂದು ತೆಗೆದು ಸ್ಟೀಲಿನ ಡಬ್ಬಿಗೆ ಹಾಕಿಟ್ಟಳು. ಅಲ್ಲಿಗೆ ರೊಟ್ಟಿ ಮುಗಿಯಿತು.

ರೊಟ್ಟಿ ಮುಗಿಯಿತೆಂದರೆ ಆ ಮನೆಯಲ್ಲಿ ಊಟವೇ ಮುಗಿದಂತೆ. ಕಾಲುವೆ ಬಂದ ಮೇಲೆ ಸುತ್ತಲ ಹೊಲವೆಲ್ಲ ಭತ್ತದ ಗದ್ದೆಯಾದವು, ಹಂಪಣ್ಣನ ತಗ್ಗಿನ ಹೊಲವೂ ಆಯಿತು. ನೀರು ಏರದ ದಿಬ್ಬದ ಮೇಲೆ ಮಾತ್ರ, ತಾಯಿಯ ಹಟಕ್ಕೆ, ಒಂದಿಷ್ಟು ಜೋಳ, ಒಂದಿಷ್ಟು ತೊಗರಿ ಉಳಿದಿತ್ತು. "ಅನ್ನಾ ಉಂಡಾಂವ ಆಕಳಸ್ತಾನ, ರೊಟ್ಟಿ ಉಂಡಾಂವ ಕೆಲಸಾ ಮಾಡ್ತಾನ" ಎಂದು ಊರಿಗೆಲ್ಲ ಸಾರಿಕೊಂಡು ಬಂದ ಹೆಂಗಸು ಈಗ ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಮಾಡಿದ ಮೆತ್ತನೆಯ ಅನ್ನ ಉಣ್ಣಬೇಕಾಗಿತ್ತು. ಎಲ್ಲರದೂ ಆದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತು ಉಣ್ಣುತ್ತಿದ್ದಳು.

ಹಿರಿಯರು ಮೊದಲ ತುತ್ತು ಮುರಿಯುವ ತನಕ ಆ ಮನೆಯಲ್ಲಿ ಯಾರೂ ರೊಟ್ಟಿ ಮುಟ್ಟುತ್ತಿರಲಿಲ್ಲ. "ನನ್ನ ಹಾದಿ ನೋಡಬ್ಯಾಡ್ರಿ, ಉಣ್ರಿ" ಎಂದು ಆಕೆ ಆ ಪದ್ಧತಿಯನ್ನೂ ಮುರಿದಿದ್ದಳು. ಹಂಪಣ್ಣ ಉಣ್ಣುತ್ತಿದ್ದ. ಆದರೆ ಪ್ರತಿ ಸಲ ರೊಟ್ಟಿ ಮುರಿಯುವ ಮೊದಲು ಒಮ್ಮೆ ಆ ಗೋಡೆಯ ಕಡೆ ನೋಡುತ್ತಿದ್ದ.

ಸೊಸೆ ಹಣಮಂತಮ್ಮ ಒಮ್ಮೆ ಕೇಳಿದ್ದಳು: "ಅತ್ತಿ, ಖಡಕ್ ರೊಟ್ಟಿ ಕುಟ್ಟಿ ಹಾಲಿನಾಗ ಕಲಸಿ ಕೊಡಲೇನ್ರಿ?"

"ಯಾಕ, ನಾನೇನು ಕೂಸೇನು? ಇಲ್ಲಾ ಸಾಯಾಕತ್ತೀನೇನು?"

ಮತ್ತೆ ಆ ಮಾತು ಎತ್ತಲು ಯಾರಿಗೆ ಧೈರ್ಯ?

ಮೊಮ್ಮಗಳು ಚಂದಮ್ಮ ಇದನ್ನೆಲ್ಲ ನೋಡುತ್ತಿದ್ದಳು, ಬರೆದಿಡುತ್ತಿದ್ದಳು. ಸುರಪುರದಲ್ಲಿ ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಬಾಯಲ್ಲಿ ಬರದ ಮಾತೆಲ್ಲ ಆಕೆಯ ಡೈರಿಗೆ ಬರುತ್ತಿದ್ದವು. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವ ಹುಡುಗಿ ಅವಳು. ತೂಕ ಮಾಡದೆ ಮಾತಾಡುತ್ತಿದ್ದುದು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಮಾತ್ರ. ಆಯಿ ಹೊರಟುಹೋದರೆ ಆ ಮನೆಯಲ್ಲಿ ತನ್ನ ದನಿ ಯಾರಿಗೆ ಕೇಳಿಸೀತು ಎಂದು ಗೂಟದ ಗಂಟನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತಿದ್ದಳು.

ಶುಕ್ರವಾರ ಅಣ್ಣ ಪಂಪಣ್ಣ ಯಾದಗಿರಿಯಿಂದ ಬಂದ. ಅಲ್ಲಿ ಕಚೇರಿಯೊಂದರಲ್ಲಿ ಗುಮಾಸ್ತ. ಬಂದವನೇ ಊಟಕ್ಕೆ ಕುಳಿತು, ಜೊತೆಯವನೊಬ್ಬನಿಗೆ ಬಡ್ತಿ ಸಿಕ್ಕಿದ್ದಕ್ಕೆ ಎಲ್ಲರಿಗೂ ಬರ್ಗರ್ ತಿನ್ನಿಸಿದ ಸುದ್ದಿ ಹೇಳತೊಡಗಿದ.

"ಅದೇನೋ ಅದು ಬರ್ಗರ್ ಅಂದ್ರ?" ಎಂದಳು ಹಣಮಂತಮ್ಮ.

"ಎರಡು ಮೆತ್ತನ ಬನ್ನಿನ ನಡಕ ಒಂದು ಬ್ಯಾಳಿ ವಡಿ ಇಟ್ಟಿರ್ತಾರಬೇ. ಮ್ಯಾಲ ಉಳ್ಳಾಗಡ್ಡಿ, ಟಮಾಟಿ. ಹಲ್ಲೇ ಬೇಕಾಗಿಲ್ಲ, ಬಾಯಾಗ ಇಟ್ರ ಕರಗಿ..." ಅಂದವನು ನಾಲಿಗೆ ಕಚ್ಚಿಕೊಂಡ.

ಹಂಪಣ್ಣ ಮಗನನ್ನು ದುರುಗುಟ್ಟಿ ನೋಡಿದ. ಆಗ ಗೋಡೆಯ ಕಡೆಯಿಂದ ದನಿ ಬಂತು.

"ಹಲ್ಲೇ ಬೇಕಾಗಿಲ್ಲೇನು?"

"ಇಲ್ಲ ಆಯಿ."

"ಹ್ಞೂಂ."

ಅಷ್ಟೇ. ಆದರೆ ಐದು ತಿಂಗಳಲ್ಲಿ ಆಯಿ ತಿನ್ನುವ ವಸ್ತುವಿನ ಬಗ್ಗೆ ಕೇಳಿದ್ದು ಅದೇ ಮೊದಲು. ಚಂದಮ್ಮ ಅಂದು ಡೈರಿಯಲ್ಲಿ ಒಂದೇ ಸಾಲು ಬರೆದಳು: "ಆಯಿ ಕೇಳಿದಳು." ಅಮಾವಾಸ್ಯೆ ಮಂಗಳವಾರ. ನಡುವೆ ಒಂದೇ ಭಾನುವಾರ.

ಬನ್ನು ತರುವುದೇ ದೊಡ್ಡ ಕೆಲಸವಾಯಿತು. ಓಣಿಯ ತುದಿಯಲ್ಲಿ ನಸೀರುದ್ದೀನನ ಬೇಕರಿ. ಶನಿವಾರ ಚಂದಮ್ಮ ಹೋಗಿ ನಿಂತಳು. ಒಬ್ಬರು ಬಂದು ಖಾರಿ ಬಿಸ್ಕೀಟು ಒಯ್ದರು, ಇನ್ನೊಬ್ಬರು ಬ್ರೆಡ್ ಒಯ್ದರು, ಮತ್ತೊಬ್ಬರು ಮಗುವಿಗೆ ಕೇಕ್ ಕೊಡಿಸಿದರು. ಇವಳು ಸೆರಗಿನ ತುದಿ ಸುರುಳಿ ಸುತ್ತುತ್ತ ನಿಂತೇ ಇದ್ದಳು.

"ಏನು ಬೇಕು ಬೇಟಿ? ಅರ್ಧಾ ತಾಸಾತು ನಿಂತು. ಬನ್ನು ಕೊಡಲೋ, ಇಲ್ಲಾ ಅಂಗಡೀನೇ ಬರಕೊಡಲೋ?" ಎಂದ ನಸೀರುದ್ದೀನ.

"ಬನ್ನರಿ ಕಾಕಾ... ಗುಂಡಂದು. ಬರ್ಗರ್ ಮಾಡಾಕ."

"ಯಾರಿಗವ್ವಾ?"

"ಆಯಿಗೆ."

ಅವನು ತಟ್ಟೆ ಒರೆಸುವುದನ್ನು ನಿಲ್ಲಿಸಿದ. "ಗೊಲ್ಲಾಳಮ್ಮಾಯಿ ಬರ್ಗರ್ ತಿಂತಾಳಾ?" ಎಂದು ಗಹಗಹಿಸಿ ನಕ್ಕ. ಇವಳ ಮುಖ ನೋಡಿ ನಗು ನುಂಗಿಕೊಂಡ. "ಇಲ್ಲಿ ಇರೋವು ಬ್ಯಾಡ, ಇದರಾಗ ತತ್ತಿ ಅದ. ಐತವಾರ ಮುಂಜಾನಿ ಬಾ. ತತ್ತಿ ಇಲ್ಲದ ಹಿಟ್ಟು ಬ್ಯಾರೆ ಕಲಸಿ ಐದು ಬನ್ನು ಸುಟ್ಟು ಕೊಡ್ತೀನಿ. ನಾ ಸಣ್ಣಾಂವ ಇದ್ದಾಗ ನಿಮ್ಮಾಯಿ ಬಿಸಿ ರೊಟ್ಟಿಗೆ ಬೆಣ್ಣಿ ಹಚ್ಚಿ ಗ್ವಾಡಿ ಮ್ಯಾಲಿಂದ ನನಗ ಕೊಡತಿದ್ಲು. ನಮ್ಮ ಅಮ್ಮಾ ಕರದ್ರೂ ನಾ ಮನಿಗೆ ಹೋಗತಿದ್ದಿಲ್ಲ."

ಭಾನುವಾರ ಹತ್ತು ಗಂಟೆಗೆಲ್ಲ ಚಂದಮ್ಮ ಒಲೆಯ ಮುಂದೆ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಹಾಳೆಯಲ್ಲಿ ಬರೆದುಕೊಂಡಿದ್ದಳು. ದಿಬ್ಬದ ಹೊಲದ ತೊಗರಿಬೇಳೆ ತೆಗೆದಳು.

"ಬರ್ಗರ್ ಮಾಡ್ತಾಳಂತ! ರೊಟ್ಟಿ ತಟ್ಟಿದ್ರ ಹಿಂದೂಸ್ಥಾನದ ನಕಾಶಿ ಆಗ್ತದ" ಎಂದಳು ಹಣಮಂತಮ್ಮ. ಆದರೆ ಉಳ್ಳಾಗಡ್ಡಿ ಹೆಚ್ಚಿಕೊಟ್ಟಳು.

ಬೇಳೆ ಅರ್ಧ ಬೇಯಬೇಕು ಎಂದು ಹಾಳೆಯಲ್ಲಿತ್ತು. ಆದರೆ ಕೈಗೆ ಹಾಳೆ ಓದಲು ಬರುವುದಿಲ್ಲ. ಆ ಅಡುಗೆಮನೆಯಲ್ಲಿ ಬೇಳೆ ಬೇಯಿಸಿ ರುಬ್ಬುವುದೆಂದರೆ ಹೋಳಿಗೆಗೆ, ಇನ್ನೊಂದು ಕಾರಣಕ್ಕೆ ಯಾರೂ ರುಬ್ಬಿದ್ದೇ ಇಲ್ಲ. ಬೆರಳಿಗೆ ಹಿಟ್ಟಾಗುವ ತನಕ ಬೇಯಿಸಿದಳು. ಜರಡಿ ಹಿಡಿದು ಕಟ್ಟು ಬಸಿದಳು. ಆ ಕಟ್ಟಿಗೆ ಹಣಮಂತಮ್ಮ ಹುಣಸೆಹಣ್ಣು ಕಿವುಚಿ ಸಾರಿಗಿಟ್ಟಳು. ಹಬ್ಬದ ದಿನ ತಾಯಿ ಮಗಳು ಹೇಗೆ ಮಾಡುತ್ತಿದ್ದರೋ ಹಾಗೆಯೇ ಎಲ್ಲ ನಡೆದುಹೋಯಿತು, ಇಬ್ಬರಿಗೂ ಗೊತ್ತಾಗಲಿಲ್ಲ. ರುಬ್ಬಿದ ಬೇಳೆಗೆ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಕೊತ್ತಂಬರಿ, ಉಳ್ಳಾಗಡ್ಡಿ ಕಲಸಿ ದುಂಡಗೆ ತಟ್ಟಿ ತಾಟಿನಲ್ಲಿ ಸಾಲಾಗಿ ಇಟ್ಟಾಗ ನೋಡಲು ಚೆಂದವೇ ಇತ್ತು.

ಮೊದಲನೆಯದನ್ನು ಎಣ್ಣೆಗೆ ಬಿಟ್ಟಳು. ಅದು ಬುಸ್ಸೆಂದು ನೊರೆಯಾಗಿ ಹರಡಿಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಹಂಚಿನ ಮೇಲೆ ಹಾಕಿದಳು. ಮಗುಚಲು ಹೋದರೆ ಅರ್ಧ ಹಂಚಿನಲ್ಲಿ, ಅರ್ಧ ಚಮಚದಲ್ಲಿ.

"ಪಾಯಸಾ ಕರದಂಗ ಆತಲ್ಲ" ಎಂದಳು ಹಣಮಂತಮ್ಮ.

ಪಂಪಣ್ಣ ಬಾಗಿಲಲ್ಲಿ ಇಣುಕಿ, "ಬಸ್ಸಿಗೆ ಇನ್ನೂ ಹೊತ್ತದ, ಯಾದಗಿರಿಗೇ ಹೋಗಿ ತಿಂದು ಬರೂಣೇನು?" ಎಂದ. ತಂಗಿಯ ಕಣ್ಣು ತುಂಬಿದ್ದು ನೋಡಿ ಮೆಲ್ಲಗೆ ಹಿಂದೆ ಸರಿದ. ಚಂದಮ್ಮ ಹಾಳೆ ನೋಡಿದಳು. "ಬ್ರೆಡ್ ಪುಡಿ ಹಾಕಿ" ಎಂದಿತ್ತು. ಮನೆಯಲ್ಲಿ ಬ್ರೆಡ್ಡಿಲ್ಲ. ಇರುವುದು ಐದೇ ಬನ್ನು, ಪುಡಿ ಮಾಡಿದರೆ ಒಬ್ಬರಿಗೆ ಇಲ್ಲ. ಹಂಚಿನ ಮೇಲೆ ಸೀಯುತ್ತಿದ್ದ ಬೇಳೆಯನ್ನು ನೋಡುತ್ತ ನಿಂತುಬಿಟ್ಟಳು. ಪಡಸಾಲೆಯ ಗಂಟು ಅಲ್ಲಿಂದಲೂ ಕಾಣುತ್ತಿತ್ತು.

"ಏನದು ಸೀದ ವಾಸನಿ?"

ಗೊಲ್ಲಾಳಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಹಲ್ಲು ಹೋದ ಮೇಲೆ ಆಕೆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ನೇರ ಬಂದು ತಾಟಿನ ಹಿಟ್ಟಿನಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಉಪ್ಪು ಖಾರಾ ಬರೋಬ್ಬರಿ ಅದ. ಆದ್ರ ಇದು ಹೂರಣ ಆಗ್ಯಾದಲ್ಲ ಮಗಾ! ಬೆಲ್ಲಾ ಒಂದ ಮರತೀದಿ."

"ಕೂಡಾಕ ಒಲ್ಲದು ಆಯಿ" ಎಂದಳು ಚಂದಮ್ಮ.

"ಹೆಂಗ ಕೂಡ್ತದ? ಕುದಿಸಿ ಕುದಿಸಿ ಜೀವಾ ತಗದೀದಿ."

ಗೊಲ್ಲಾಳಮ್ಮ ಸುತ್ತ ನೋಡಿದಳು. ಆಕೆಯ ಕಣ್ಣು ನೆಲುವಿನ ಮೇಲಿನ ಬುಟ್ಟಿಯ ಹತ್ತಿರ ನಿಂತಿತು. ಬಿಳಿ ಬಟ್ಟೆ ಮುಚ್ಚಿದ ಖಡಕ್ ರೊಟ್ಟಿಯ ಬುಟ್ಟಿ. ಐದು ತಿಂಗಳಿಂದ ಆ ಕಡೆ ಕೈ ಹೋಗಿರಲಿಲ್ಲ. ಈಗ ಕೈ ಚಾಚಿ ಮೂರು ರೊಟ್ಟಿ ತೆಗೆದಳು.

"ಒಳ್ಳು ಇತ್ತ ತಾ."

ಹಣಮಂತಮ್ಮ ಬಾಯಿ ತೆರೆದಳು. ಹಾಲಿನಲ್ಲಿ ಕಲಸಿ ಕೊಡುತ್ತೇನೆಂದು ಬೈಸಿಕೊಂಡಿದ್ದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಚಂದಮ್ಮ ಆಯಿಯ ಬೆನ್ನ ಹಿಂದಿನಿಂದ ತಾಯಿಗೆ ಕಣ್ಣಲ್ಲೇ ಕೈಮುಗಿದಳು. ಹಣಮಂತಮ್ಮ ಬಾಯಿ ಮುಚ್ಚಿ ಕುಟ್ಟುವ ಒಳ್ಳು ತಂದಿಟ್ಟಳು.

ಗೊಲ್ಲಾಳಮ್ಮ ಕಾಲು ಚಾಚಿ ಕುಳಿತು ಕುಟ್ಟಿದಳು. ರೊಟ್ಟಿ ಪಟಪಟನೆ ಮುರಿದು, ಆಮೇಲೆ ರವೆಯಾಗಿ, ಆಮೇಲೆ ಹಿಟ್ಟಾಯಿತು. ಸುಟ್ಟ ಜೋಳದ ವಾಸನೆ ಅಡುಗೆಮನೆ ತುಂಬ ಹರಡಿತು. ಆ ಪುಡಿಯನ್ನು ಬೇಳೆಗೆ ಸುರಿದು ಕೈ ಹಾಕಿ ನಾದುತ್ತ ಅಂದಳು: "ಸ್ವಲ್ಪ ಹೊತ್ತು ಬಿಡು. ಹಸಿ ಎಲ್ಲಾ ಹೀರ್ತದ. ದಿಬ್ಬದ ಜ್ವಾಳಾ ಇದು, ಕಾಲುವಿ ನೀರು ಕಂಡಿಲ್ಲ. ನೀರಡಿಸಿರ್ತದ."

ಮತ್ತೆ ತಟ್ಟಿ ಎಣ್ಣೆಗೆ ಬಿಟ್ಟರು. ವಡೆ ಕೂತಲ್ಲೇ ಕೂತಿತು. ಮಗುಚಿದರೆ ಹೊಂಬಣ್ಣ.

ಊಟಕ್ಕೆ ಎಲ್ಲರೂ ಸುತ್ತ ಕುಳಿತರು. ಒಂದೊಂದು ತಾಟಿನಲ್ಲಿ ಒಂದೊಂದು ಬರ್ಗರ್, ಪಕ್ಕದಲ್ಲಿ ನಂಜಿಕೊಳ್ಳಲು ಶೇಂಗಾ ಹಿಂಡಿ, ಬಟ್ಟಲಲ್ಲಿ ಕಟ್ಟಿನ ಸಾರು. ಗೊಲ್ಲಾಳಮ್ಮ ತನ್ನ ತಾಟು ಎತ್ತಿಕೊಂಡು ಗೋಡೆಯ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ ಯಾರೂ ತುತ್ತು ಎತ್ತಿಲ್ಲ.

"ಯಾಕ? ಉಣ್ರಿ."

ಹಂಪಣ್ಣ ಬನ್ನನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದ. "ಇದನ್ನ ಹೆಂಗ ತಿನ್ನೂದೋ ನನಗ ತಿಳೀವಲ್ದು ಯವ್ವಾ. ನೀ ಮೊದಲ ತಿಂದು ತೋರಸು."

"ನನಗರ ಏನು ಗೊತ್ತೋ? ನಮ್ಮಪ್ಪ ಏನು ಬರ್ಗರ್ ಬಿತ್ತಿದ್ದನೇನು?"

ಪಂಪಣ್ಣ ಕಿಸಕ್ಕನೆ ನಕ್ಕ. ಗೊಲ್ಲಾಳಮ್ಮ ಮತ್ತೆ ಗೋಡೆಯ ಕಡೆ ತಿರುಗಿದಳು. ಆಗ, ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೂ ಬಾಯಿ ಬಿಡದ ಚಂದಮ್ಮ ಚಾಪೆಯ ಮೇಲೆ ಒತ್ತರಿಸಿ ಜಾಗ ಮಾಡಿ ಅಂದಳು:

"ಆಯಿ, ಎಲ್ಲಾರ ತಾಟಿನಾಗೂ ಒಂದೇ ಅದ. ನಿನಗಂತ ಬ್ಯಾರೆ ಮಾಡಿಲ್ಲ."

ದನಿ ತಾನಂದುಕೊಂಡಿದ್ದಕ್ಕಿಂತ ದೊಡ್ಡದಾಗಿತ್ತು. ಎಲ್ಲರೂ ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇಳಕಲ್ ಸೀರೆಯ ಸರಬರ ಕೇಳಿಸಿತು. ಆಯಿಯ ಮೊಣಕಾಲು ಅವಳ ಮೊಣಕಾಲಿಗೆ ತಾಗಿತು.

ಗೊಲ್ಲಾಳಮ್ಮ ಬರ್ಗರನ್ನು ಕಚ್ಚಲಿಲ್ಲ. ಮೇಲಿನ ಬನ್ನು ತೆಗೆದಿಟ್ಟು, ಟೊಮೆಟೊ ಬದಿಗೆ ಸರಿಸಿ, ರೊಟ್ಟಿ ಮುರಿಯುವಂತೆ ಮೂರು ಬೆರಳಲ್ಲಿ ಬನ್ನು ಹರಿದು, ಅದರಲ್ಲಿ ವಡೆಯ ಚೂರು ಒತ್ತಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಬಹಳ ಹೊತ್ತು ಒಸಡಿನಲ್ಲೇ ಆಡಿಸಿದಳು. ಎಲ್ಲರೂ ಆಕೆಯ ಬಾಯಿಯನ್ನೇ ನೋಡುತ್ತಿದ್ದರು.

"ರೊಟ್ಟಿ ರುಚಿ ಬರ್ತದ" ಎಂದಳು. ಕಣ್ಣು ಮಿಟುಕಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಸಿಮೆಣಸಿನಕಾಯಿ ಜಾಸ್ತಿ ಆಗ್ಯಾದ. ತಿನ್ರಿ! ನನ್ನ ಬಾಯೇನು ಟಿವಿ ಏನು, ನೋಡಾಕತ್ತೀರಿ?"

ಹಂಪಣ್ಣ ಗೋಡೆಯ ಕಡೆ ನೋಡಲಿಲ್ಲ. ತಾಯಿ ಮಾಡಿದಂತೆಯೇ ಬನ್ನು ಹರಿದು ಸಾರಿನಲ್ಲಿ ಅದ್ದಿದ. ಪಂಪಣ್ಣ ಒಬ್ಬನೇ ಎರಡೂ ಕೈಯಲ್ಲಿ ಹಿಡಿದು ಕಚ್ಚಿದ. ಟೊಮೆಟೊ ಜಾರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು.

"ಯಾದಗಿರಿ ಸಾಹೇಬರು ಅಂಗೀಗೂ ಉಣಸ್ತಾರ" ಎಂದಳು ಅಜ್ಜಿ. ಆ ನಗುವಿನಲ್ಲಿ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದಿತ್ತು.

ಆದರೂ ಗಂಟು ಗೂಟದಲ್ಲೇ ಇತ್ತು. ಸೋಮವಾರವೂ ಇತ್ತು. ಹೋಗುತ್ತೀಯಾ ಎಂದು ಚಂದಮ್ಮ ಕೇಳಲಿಲ್ಲ. ಕೇಳಿದರೆ ಹೌದೆಂದು ಬಿಟ್ಟಾಳೆಂಬ ಹೆದರಿಕೆ.

ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಗೊಲ್ಲಾಳಮ್ಮ ಗಂಟು ಇಳಿಸಿದಳು. ಚಂದಮ್ಮ ಕಂಬಕ್ಕೆ ಆತು ನಿಂತಿದ್ದಳು. ಆಯಿ ಪಡಸಾಲೆಯಲ್ಲಿ ಕುಳಿತು ಮೂರೂ ಗಂಟು ಬಿಚ್ಚಿದಳು. ಎರಡು ಸೀರೆ ತೆಗೆದು ಟ್ರಂಕಿನ ಮೇಲಿಟ್ಟಳು. ಕೌದಿ ತೆಗೆದಳು. ತಂಬಿಗೆ ತೆಗೆದಳು. ಧೋತರದಲ್ಲಿ ವಿಭೂತಿ ಗಟ್ಟಿ ಒಂದೇ ಉಳಿಯಿತು, ಅದನ್ನು ಚೀಲಕ್ಕೆ ಹಾಕಿಕೊಂಡಳು.

"ಅಮಾಸಿಗೆ ಹೋಗ್ತೀನಂತ ಹರಕಿ ಹೊತ್ತೀನಿ, ಹೋಗಲೇಬೇಕು. ಸಂಜಿ ಬಸ್ಸಿಗೆ ಬರ್ತೀನಿ" ಎಂದಳು, ಯಾರ ಮುಖವನ್ನೂ ನೋಡದೆ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತ ತಿರುಗಿದಳು.

"ಚಂದಮ್ಮಾ, ಬ್ಯಾಳಿ ನೆನಿ ಹಾಕಿಡು. ಕುದಸಬ್ಯಾಡ ಮತ್ತ. ಒಳ್ಳು ತೊಳದು ಇಡು. ರೊಟ್ಟಿ ನಾ ಬಂದು ಕುಟ್ತೀನಿ."