ಉತ್ತರ ಬರುವವರೆಗೆ

‘ಹೋಗ್ತೀಯಾ? ಇಲ್ಲ ತಾನೆ? ನನಗೆ ಗೊತ್ತಿತ್ತು ಬಿಡು.’

ಕನ್ನಡಿಯಲ್ಲಿದ್ದ ಮುಖ, ಒಂದೇ ಕೆನ್ನೆಗೆ ನೊರೆ ಹಚ್ಚಿಕೊಂಡು, ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿತು. ಹೆಂಡತಿ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಅವಳ ಕೈಯಲ್ಲಿ ಹಿಂಡಿದ ಬಟ್ಟೆಗಳ ಬಕೆಟ್ಟಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಅವಳಿಗೆ, ಬೇರೆ ಊರಿನ ಹೊಸ ಶಾಖೆಯಲ್ಲಿ ಇಡೀ ಲ್ಯಾಬನ್ನೇ ವಹಿಸಿಕೊಳ್ಳುತ್ತೀರಾ ಎಂದು ಕೇಳಿದ್ದರು. ನಾಳೆ ಬೆಳಿಗ್ಗೆ ಹೇಳಬೇಕು. ಹೂಂ, ಇಲ್ಲವೇ ಊಹೂಂ.

‘ಸಂಜೆ ಮಾತಾಡೋಣ್ವಾ?’ ಎಂದಳು.

‘ಖಂಡಿತ. ಆದ್ರೆ ಮಾತಾಡೋಕೆ ಏನಿದೆ ಹೇಳು? ಏನೂ ಇಲ್ಲ.’

ಅವಳು ಬಾಲ್ಕನಿಗೆ ಹೋದಳು. ಬಟ್ಟೆ ಒದರುವ ಸದ್ದು ಕೇಳಿಸಿತು. ಅವನು ಉಳಿದ ಕೆನ್ನೆಗೂ ನೊರೆ ಹಚ್ಚಿದ. ದಿನ ಚೆನ್ನಾಗಿಯೇ ಶುರುವಾಗಿದೆ ಅನ್ನಿಸಿತು.

ನಾಳೆಯಿಂದ ಅವನು ಮೇಷ್ಟ್ರು. ಪೂರ್ತಿ ಮೇಷ್ಟ್ರಲ್ಲ, ಬಿ.ಎಡ್. ಓದುವವರನ್ನು ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಾರಲ್ಲ, ಆ ಬಗೆಯ ಅರೆಬರೆ ಮೇಷ್ಟ್ರು. ಔಷಧ ಕಂಪನಿಯ ಕೆಲಸ ಬಿಟ್ಟು, ತನಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಓದಿದ್ದು ಇದಕ್ಕೇ. ಆ ಕೆಲಸದಲ್ಲಿ ಡಾಕ್ಟರುಗಳು ಅವನಿಗೆ ಕೊಡುತ್ತಿದ್ದುದು ಒಬ್ಬ ರೋಗಿ ಹೊರಹೋಗಿ ಇನ್ನೊಬ್ಬ ಒಳಬರುವ ನಡುವಿನ ಹೊತ್ತು. ಅಷ್ಟರಲ್ಲಿ ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳಿ, ಮಾತ್ರೆಯ ಸ್ಯಾಂಪಲ್ಲನ್ನು ಮೇಜಿನ ಮೇಲಿಟ್ಟು ನಗುತ್ತ ಹೊರಬೀಳಬೇಕು. ಅದರಲ್ಲಿ ಅವನು ಎತ್ತಿದ ಕೈ.

ಶಾಲೆಗೆ ಹೊರಡುವ ಮುಂಚಿನ ದಿನ ಅವರ ಕಾಲೇಜಿನಲ್ಲೊಂದು ರೂಢಿ. ಪ್ರತಿಯೊಬ್ಬರೂ ಎದ್ದು ತಮ್ಮ ಸ್ವಂತದ ಗುರಿಯೊಂದನ್ನು ಹೇಳಬೇಕು, ಒಂದೇ. ಆಮೇಲೆ ಸಹಪಾಠಿಗಳು ಮಕ್ಕಳಾಗಿ ಕೂರುತ್ತಾರೆ. ಅವರೆದುರು ಪುಟ್ಟ ಪಾಠ ಮಾಡಿ ಆ ಗುರಿಯನ್ನು ಸಾಧಿಸಿ ತೋರಿಸಬೇಕು.

ಮಕ್ಕಳಿಗೆ ಬೆನ್ನು ಹಾಕದೆ ಬೋರ್ಡಿನ ಮೇಲೆ ಬರೆಯುತ್ತೇನೆ ಎಂದಳು ಒಬ್ಬಳು. ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದ ಇನ್ನೊಬ್ಬ. ಹೇಳುವಾಗಲೇ ಮೂಗು ಕೆಂಪಾಗಿತ್ತು.

‘ಪ್ರಶ್ನೆ ಕೇಳಿದ ಮೇಲೆ ಉತ್ತರ ಬರೋವರೆಗೂ ನಾನು ಬಾಯಿ ಬಿಡಲ್ಲ,’ ಎಂದ ಇವನು.

ಎಲ್ಲರೂ ನಕ್ಕರು. ಮಾರ್ಗದರ್ಶನ ಮಾಡುವ ಮೇಡಂ ನಗಲಿಲ್ಲ. ಹಿಂದಿನ ಪಾಠಗಳಲ್ಲೆಲ್ಲ ಆಕೆ ಎತ್ತಿ ತೋರಿಸಿದ್ದು ಇದೇ ಕೊರತೆಯನ್ನು.

‘ಆಗುತ್ತಾ ನಿಮ್ಮ ಕೈಲಿ?’

‘ಆಗದೆ ಏನು ಮೇಡಂ? ಆಗೇ ಆಗುತ್ತೆ.’

ಮಧ್ಯಾಹ್ನ ಅವನ ಸರದಿ ಬಂತು. ಮೀಸೆ ಬಿಟ್ಟವರು, ಬಸುರಿಯೊಬ್ಬಳು, ಎಲ್ಲರೂ ಐದನೇ ಕ್ಲಾಸಿನ ಮಕ್ಕಳಾಗಿ ಕೈಕಟ್ಟಿ ಕೂತರು. ಅವನು ಕರವಸ್ತ್ರವನ್ನು ನೀರಲ್ಲಿ ಅದ್ದಿ, ಹಿಂಡಿ, ಕುರ್ಚಿಯ ಬೆನ್ನಿಗೆ ಹರವಿದ.

‘ಮಕ್ಕಳೇ, ಇದು ಇನ್ನು ಸ್ವಲ್ಪ ಹೊತ್ತಿಗೆ ಒಣಗಿಬಿಡುತ್ತೆ. ಹಾಗಾದ್ರೆ ಇದರಲ್ಲಿದ್ದ ನೀರು ಎಲ್ಲಿಗೆ ಹೋಯ್ತು?’

ಬಾಯಿ ಮುಚ್ಚಿದ. ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು, ನುಂಗಿದ. ಹುಬ್ಬು ತುಸು ಏರಿಸಿ, ಧೈರ್ಯ ಕೊಡುವ ನಗುವೊಂದನ್ನು ತುಟಿಯಲ್ಲಿಟ್ಟುಕೊಂಡು, ಕೈ ಹಿಂದೆ ಕಟ್ಟಿ ನಿಂತ. ಫ್ಯಾನು ತಿರುಗುತ್ತಿತ್ತು. ಇದೇನು ಮಹಾ! ಎಷ್ಟು ಚೆನ್ನಾಗಿ ಕಾಯುತ್ತಿದ್ದೇನೆ, ಮೇಡಂ ನೋಡುತ್ತಲೇ ಇದ್ದಾರೆ. ಕತ್ತು ಇನ್ನಷ್ಟು ನೆಟ್ಟಗಾಯಿತು. ಹಿಂದಿನ ಬೆಂಚಿನಿಂದ ದಪ್ಪ ಕನ್ನಡಕದ ಗೆಳೆಯ ಸೋಡಾಬುಡ್ಡಿ ಎದ್ದು ಏನೋ ಹೇಳಿ ಕೂತ.

‘ತುಂಬಾ ಚೆನ್ನಾಗಿ ಹೇಳಿದೆ!’ ಎಂದ ಇವನು.

ಕ್ಲಾಸು ಹೋ ಎಂದು ನಕ್ಕಿತು. ಮೀಸೆಯ ಮಕ್ಕಳು ಬೆಂಚು ಗುದ್ದಿದರು.

‘ಏನು ಹೇಳಿದ್ರು ಅವರು?’ ಎಂದು ಮೇಡಂ ಕೇಳಿದರು.

‘ಅದೇ... ನೀರು ಆವಿಯಾಗಿ...’

‘ಬಟ್ಟೆ ಕುಡಿದುಬಿಡ್ತು ಅಂದ್ರು.’

‘ಆದ್ರೆ ಕಾದೆನಲ್ಲ ಮೇಡಂ?’

‘ಕಾದಿರಿ. ಅದೇನೋ ನಿಜ,’ ಎಂದು ಆಕೆ ಮುಂದಿನವರನ್ನು ಕರೆದರು.

ಅವನಿಗೆ ಬೇಸರವೇನೂ ಆಗಲಿಲ್ಲ. ಗುರಿ ಒಂದೇ ಇರಬೇಕೆಂದು ಹೇಳಿದ್ದು ಅವರೇ. ಕೇಳಿಸಿಕೊಳ್ಳುವುದು ಬೇರೆ ಗುರಿ. ಮುಂದಿನ ವಾರಕ್ಕೆ ಇಟ್ಟುಕೊಂಡರಾಯಿತು. ಮನೆಯ ದಾರಿಯಲ್ಲಿ, ಇವತ್ತು ಅವಳನ್ನೂ ಸರಿಯಾಗಿ ಕೇಳಿಬಿಡೋಣ ಅಂದುಕೊಂಡ. ಅವಳು ಹೂಂ ಅಂದರೆ? ಅವಳಿಲ್ಲದ ಮನೆಯನ್ನು ಅವನು ಈವರೆಗೆ ಊಹಿಸಿಯೇ ಇರಲಿಲ್ಲ. ಊಹಿಸಿದಾಗ ಭಯವಾಯಿತು. ನಿಜವಾದ ಭಯ. ಬೇಗ ಬೇಗ ಹೆಜ್ಜೆ ಹಾಕಿದ.

ಅವಳು ಆಗಲೇ ಬಂದು ಊಟದ ಮೇಜಿನ ಹತ್ತಿರ ಕೂತಿದ್ದಳು.

‘ನೀನು ಹೋಗಬೇಕು ಅಂತಿದ್ದೀಯಾ?’ ಎಂದು ಕೇಳಿ ಬಾಯಿ ಮುಚ್ಚಿದ.

ಅವಳು ಅವನ ಮುಂದಿನ ಮಾತಿಗಾಗಿ ಕಾದಳು. ಅದು ಬರಲಿಲ್ಲ.

‘ಯಾಕ್ರೀ, ಉತ್ತರಾನೂ ನೀವೇ ಹೇಳಿಬಿಡಿ.’

ಅವನು ಇಲ್ಲವೆಂದು ತಲೆಯಾಡಿಸಿ, ಹುಬ್ಬು ತುಸು ಏರಿಸಿದ.

ಅವಳ ಮುಖ ಮೆತ್ತಗಾಯಿತು. ಮದುವೆಯಾದಾಗಿನಿಂದ ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನೆಲ ನೋಡುತ್ತ ಹೇಳತೊಡಗಿದಳು. ನಡುನಡುವೆ ನಿಲ್ಲಿಸುತ್ತಿದ್ದಳು. ನಿಲ್ಲಿಸಿದಾಗಲೂ ಅವನು ಬಾಯಿ ಹಾಕಲಿಲ್ಲ. ಎದೆ ಹೆಮ್ಮೆಯಿಂದ ಉಬ್ಬಿತು. ಮೇಡಂ ಈಗ ನೋಡಬೇಕಿತ್ತು! ನಾಳೆಯ ಕ್ಲಾಸು ಕಣ್ಣ ಮುಂದೆ ಬಂತು: ಸಾಲು ಸಾಲು ಮುಖಗಳು, ಎಲ್ಲರೆದುರು ಅಲುಗಾಡದೆ ನಿಂತ ತಾನು. ಅವಳ ತುಟಿ ನಿಂತಿತು. ಕಣ್ಣು ತುಂಬಿಕೊಂಡಿತ್ತು.

‘ತುಂಬಾ ಚೆನ್ನಾಗಿ ಹೇಳಿದೆ,’ ಎಂದ.

ಅವಳು ಅವನನ್ನೇ ನೋಡಿದಳು.

‘ಅಷ್ಟೇನಾ?’

ಇದ್ದದ್ದು ಎರಡೇ ಉತ್ತರ. ಅವಳು ಹೇಳಿದ್ದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಏನಂದೆ ಎಂದು ಕೇಳಬಹುದಿತ್ತು. ಕೇಳಿದರೆ, ಕೇಳಿಸಿಕೊಂಡೇ ಇಲ್ಲವೆಂದು ಗೊತ್ತಾಗುತ್ತದೆ.

‘ಅಷ್ಟೇ. ಇನ್ನೇನಿದೆ? ಏನೂ ಇಲ್ಲ.’

‘ಸರಿ ಹಾಗಾದ್ರೆ.’

ಅವಳು ಬಾಲ್ಕನಿಗೆ ಹೋಗಿ, ತೋಳು ತುಂಬ ಬಟ್ಟೆ ತಂದು, ಕೋಣೆಯ ಬಾಗಿಲು ಹಾಕಿಕೊಂಡಳು. ಕಪಾಟು ತೆರೆದ ಸದ್ದಾಯಿತು. ಮಡಚಿ ಇಡುತ್ತಿದ್ದಾಳೋ, ತೆಗೆದು ಪೆಟ್ಟಿಗೆಗೆ ತುಂಬಿಕೊಳ್ಳುತ್ತಿದ್ದಾಳೋ, ಹೊರಗಿನಿಂದ ತಿಳಿಯಲಿಲ್ಲ.

ಅವನು ಬಾಲ್ಕನಿಗೆ ಬಂದ. ತಂತಿಯ ಮೇಲೆ ಅವಳದೊಂದೂ ಇರಲಿಲ್ಲ. ನಾಳೆಯಿಂದ ಬೇಕಾಗುತ್ತದೆಂದು ಅವಳು ಒಗೆದ ಅವನ ಶರಟುಗಳು ಮಾತ್ರ ತೋಳು ಇಳಿಬಿಟ್ಟು ಸಾಲಾಗಿ ನೇತಾಡುತ್ತಿದ್ದವು. ಮುಟ್ಟಿ ನೋಡಿದ. ಪೂರ್ತಿ ಒಣಗಿದ್ದವು.

‘ನೀರು ಎಲ್ಲಿಗೆ ಹೋಯ್ತು?’ ಎಂದು ಕೇಳಿದ.

ಕೈ ಹಿಂದೆ ಕಟ್ಟಿ, ನಗು ಇಟ್ಟುಕೊಂಡು ಕಾದ. ಗಾಳಿ ಬೀಸಿತು. ಕೊನೆಯ ಶರಟಿನ ಒಂದು ತೋಳು ಮೇಲೆದ್ದಿತು.

‘ಹೇಳು,’ ಎಂದ ಅವನು.