ಮುದ್ದಿಯ ನೊರೆಹಾಲು

ಸಂಜೆ ಹಾಲು ಕರೆಯುವ ಹೊತ್ತಿಗೆ ದೊಡ್ಡಕ್ಕನ ಕೊಟ್ಟಿಗೆಯ ಮುಂದೆ ಲೋಟ ಹಿಡಿದವರು ಬಂದು ಸೇರುತ್ತಿದ್ದರು. ಉಳಿದ ಹಸುಗಳ ಹಾಲನ್ನು ಆಕೆ ಕ್ಯಾನಿಗೆ ಸುರಿದು ಬೀದಿಗೆಲ್ಲ ಮಾರುತ್ತಿದ್ದಳು. ಮುದ್ದಿ ಎಂಬ ಹಸುವಿನದು ಮಾತ್ರ ಮಾರಾಟಕ್ಕಲ್ಲ. ಅದು ಬಡಕಲು ಮಕ್ಕಳಿಗೆ, ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ. ಕೆಚ್ಚಲಿನಿಂದ ನೇರ ಲೋಟಕ್ಕೆ, ನೊರೆ ಇಳಿಯುವ ಮೊದಲೇ ಗಂಟಲಿಗೆ. ಕಾಯಿಸಿದರೆ ಹಾಲಿನ ಸತ್ವವೇ ಹಾರಿಹೋಗುತ್ತದೆ ಎಂದು ಆಕೆ ನಂಬಿದ್ದಳು. ದುಡ್ಡು ಕೊಡಲು ಹೋದವರಿಗೆ ಬೈಗುಳ ಗ್ಯಾರಂಟಿ.

ಒಂದು ಸಂಜೆ ದೊಡ್ಡಕ್ಕನ ತಮ್ಮನ ಮಗಳೂ ಅಲ್ಲಿಗೆ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಕಿಡ್ನಿ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವವಳು. ಅವಳ ಕೈಯಲ್ಲಿದ್ದದ್ದು ಲೋಟವಲ್ಲ, ಬಿರಡೆ ಬಿಗಿದ ಗಾಜಿನ ಸೀಸೆ.

ಜನ ಚದುರಿದ ಮೇಲೆ ಮಾತು ತೆಗೆದಳು. ಈ ಬೀದಿಯವರು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರುತ್ತಿದ್ದಾರೆ. ಮೊದಲು ಗಂಟಲು ನೋವು. ಅದು ವಾಸಿಯಾಯಿತು ಎನ್ನುವಷ್ಟರಲ್ಲಿ ಮುಖ ಊದುತ್ತದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಎದುರುಮನೆ ದರ್ಜಿಯ ಮಗಳೂ ಅಲ್ಲೇ ಮಲಗಿದ್ದಾಳೆ. ಕ್ಯಾನಿನ ಹಾಲನ್ನು ಮನೆಗೊಯ್ದು ಕಾಯಿಸಿ ಕುಡಿದವರಿಗೆ ಏನೂ ಆಗಿಲ್ಲ. ಹಾಸಿಗೆ ಹಿಡಿದವರೆಲ್ಲ ಮುದ್ದಿಯ ನೊರೆಹಾಲು ಕುಡಿದವರು.

ದೊಡ್ಡಕ್ಕನಿಗೆ ಸಿಟ್ಟು ನೆತ್ತಿಗೇರಿತು. “ನಾನು ದಿನಾ ಕುಡಿಯೋದು ಅದನ್ನೇ. ನನಗೇನಾಗಿದೆ? ನೀನು ಬೆಳೆದದ್ದೂ ಈ ಕೊಟ್ಟಿಗೆ ಹಾಲಲ್ಲೇ.”

“ಹೌದು ಅತ್ತೆ, ಕುಡಿದವರಿಗೆಲ್ಲ ಬರೋದಿಲ್ಲ. ಕೆಚ್ಚಲಲ್ಲಿ ಸೋಂಕಿದ್ರೆ ರೋಗಾಣು ಹಾಲಿಗಿಳಿಯುತ್ತೆ. ಕುದಿಸಿದ್ರೆ ಸಾಯುತ್ತೆ, ಇಲ್ಲದಿದ್ರೆ ಗಂಟಲು ಹಿಡಿಯುತ್ತೆ. ಮೈ ಅದರ ಜೊತೆ ಹೋರಾಡುವಾಗ ಪೆಟ್ಟು ಕಿಡ್ನಿಗೂ ಬೀಳುತ್ತೆ. ಮುದ್ದಿ ಕೆಚ್ಚಲು ಎಲ್ಲಾದ್ರೂ ಗಟ್ಟಿಯಾಗಿತ್ತಾ?”

“ಇಲ್ಲ,” ಎಂದಳು ದೊಡ್ಡಕ್ಕ, ಮುಖ ತಿರುಗಿಸಿ.

ಗಟ್ಟಿಯಾಗಿತ್ತು. ಹಿಂದಿನ ಒಂದು ಮೊಲೆ ಕೆಲವು ವಾರಗಳಿಂದ ಕಲ್ಲಿನಂತಾಗಿತ್ತು. ಬಿಸಿ ಬಟ್ಟೆಯ ಶಾಖ ಕೊಟ್ಟು ಅದರಿಂದಲೂ ಕರೆಯುತ್ತಲೇ ಇದ್ದಳು. ಬೇರೆಯವರು ಮುಟ್ಟಿದರೆ ಮುದ್ದಿ ಒದೆಯುವುದು ಗೊತ್ತಿದ್ದ ಹುಡುಗಿ ಪರೀಕ್ಷೆಗೆ ಹಾಲು ಸಿಗದೆ ಖಾಲಿ ಸೀಸೆ ಹಿಡಿದು ಹೊರಟಳು.

ಮರುದಿನ ದೊಡ್ಡಕ್ಕ ಹಟಕ್ಕೆ ಬಿದ್ದವಳಂತೆ ಮುದ್ದಿಯ ಹಾಲನ್ನು ಚೊಂಬಿಗೆ ತುಂಬಿಕೊಂಡು ಆಸ್ಪತ್ರೆಗೆ ಹೋದಳು. ದರ್ಜಿಯ ಮಗಳ ಕಣ್ಣು ಊತದಲ್ಲಿ ಮುಚ್ಚಿಹೋಗಿದ್ದವು. ಪಕ್ಕದಲ್ಲಿ ಕೂತಿದ್ದ ತಾಯಿಗೆ ಹೋದ ಜೀವ ಬಂದಂತಾಯಿತು.

“ಬಂದ್ರಾ ದೊಡ್ಡಕ್ಕ? ಇಲ್ಲಿ ನೀರನ್ನೂ ಅಳೆದು ಕೊಡ್ತಾರೆ. ನಿಮ್ಮ ಹಾಲು ಒಂದು ಗುಟುಕು ಹೋದ್ರೆ ಎದ್ದು ಕೂರ್ತಾಳೆ ನೋಡಿ.”

ನರ್ಸು ಅತ್ತ ಹೋದದ್ದು ನೋಡಿ ತಾಯಿ ಲೋಟಕ್ಕೆ ಬಗ್ಗಿಸಿದಳು. ಮಗು ಏನೆಂದೂ ಕೇಳದೆ ಬಾಯಿ ತೆರೆಯಿತು. ದೊಡ್ಡಕ್ಕನ ಹಾಲು ಎಂದರೆ ಅದು ಕೇಳುವ ಮಾತೇ ಇರಲಿಲ್ಲ. ಅದನ್ನು ಕಂಡ ದೊಡ್ಡಕ್ಕ ಲೋಟದ ಬಾಯಿಗೆ ಅಂಗೈ ಅಡ್ಡ ಇಟ್ಟಳು.

“ಬೇಡಮ್ಮ. ಮಗು ಹೀಗಾದದ್ದು ಈ ಹಾಲಿನಿಂದಲೇ ಇರಬೇಕು. ಮುದ್ದಿ ಕೆಚ್ಚಲು ಕೆಟ್ಟಿದೆ. ನನಗೆ ಗೊತ್ತಿತ್ತು.”

ತಾಯಿ ಲೋಟ ಕೆಳಗಿಟ್ಟು ಮಗಳನ್ನು ತನ್ನತ್ತ ಎಳೆದುಕೊಂಡಳು. ನಾಲ್ಕು ಬೈದಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಲ್ಲಿಂದ ನೇರ ತಮ್ಮನ ಮಗಳ ಬಳಿಗೆ ಹೋಗಿ, ಸೀಸೆ ತಗೊಂಡು ಬಾ, ನಾನೇ ಕರೆದು ಕೊಡ್ತೀನಿ ಎಂದಳು. ಪರೀಕ್ಷೆಯಲ್ಲಿ ಅದೇ ರೋಗಾಣು ಸಿಕ್ಕಿತು. ಮುದ್ದಿಯನ್ನು ಬೇರೆ ಕಟ್ಟಿ ಪಶುವೈದ್ಯರಿಂದ ಔಷಧಿ ಶುರುವಾಯಿತು. ದರ್ಜಿಯ ಮಗಳ ಊತ ನಿಧಾನವಾಗಿ ಇಳಿಯುತ್ತಿದೆ ಎಂಬ ಸುದ್ದಿಯೂ ಬಂತು. ಎದುರುಮನೆಯ ಬಾಗಿಲಿಗೆ ಮಾತ್ರ ಇನ್ನೂ ಬೀಗವಿತ್ತು.

ಮುದ್ದಿಯನ್ನು ಬೇರೆ ಕಟ್ಟಿದ ಸಂಜೆ ಲೋಟ ಹಿಡಿದು ಬಂದವರಿಗೆ ಕೊಟ್ಟಿಗೆಯ ಮುಂದೆ ಒಲೆ ಕಂಡಿತು. ಮೇಲೆ ದೊಡ್ಡ ಪಾತ್ರೆಯಲ್ಲಿ ಬೇರೆ ಹಸುಗಳ ಹಾಲು. ನೊರೆಹಾಲು ಇಲ್ಲವೇ ಎಂದು ನಿವೃತ್ತ ಮೇಷ್ಟ್ರು ಗೊಣಗಿದರು.

“ಕುದೀಲಿ ಮೇಷ್ಟ್ರೇ, ಕೂತ್ಕೊಳ್ಳಿ,” ಎಂದಳು ದೊಡ್ಡಕ್ಕ.

ಅಭ್ಯಾಸಬಲದಿಂದ ಆಕೆ ತನ್ನ ಲೋಟಕ್ಕೆ ಆಗಲೇ ಹಸಿ ಹಾಲು ಕರೆದುಕೊಂಡಿದ್ದಳು. ತುಟಿಯವರೆಗೆ ಹೋದ ಲೋಟ ಎದುರುಮನೆಯ ಬೀಗ ಕಣ್ಣಿಗೆ ಬಿದ್ದು ಅಲ್ಲೇ ನಿಂತಿತು. ಹಾಲನ್ನು ಪಾತ್ರೆಗೆ ಸುರಿದು, ಖಾಲಿ ಲೋಟ ಹಿಡಿದು, ಕಾಯುವವರ ಸಾಲಿನ ಕೊನೆಯಲ್ಲಿ ತಾನೂ ಕೂತಳು.