ಕೇಳುವವಳ ಪಾಲು

ಆ ಶನಿವಾರ ಬೆಳಿಗ್ಗೆ ಸವಾಯಿ ದ್ವೀಪದ ಮೇಲೆ ಬಿಸಿಲೂ ಮಳೆಯೂ ಜೊತೆಯಾಗಿಯೇ ಬಂದಿದ್ದವು. ಸಮುದ್ರದಿಂದ ಎದ್ದ ತೆಳುಹನಿ ಗೋಡೆಯಿಲ್ಲದ ಮನೆಯ ಕಂಬಗಳನ್ನು ನೆನೆಸಿ ಬೆಟ್ಟದತ್ತ ಹೊರಟುಹೋಯಿತು. ಗಾಳಿಯ ಕಡೆಗೆ ತೆಂಗಿನ ಗರಿಯ ತಡಿಕೆ ಇಳಿಬಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು, ಫಿಲೊಮೆನಾ ಅಜ್ಜಿ ಚಾಪೆ ಹೆಣೆಯಲು ಕುಳಿತಳು. ಪಕ್ಕದಲ್ಲಿ ನೆರೆಮನೆಯ ಲಾಗಿ. ಎದುರಿಗೆ ಮೊಮ್ಮಗ ಪೆತೆಲೊ, ತೊಡೆಯ ಮೇಲೆ ಇನ್ನೂರು ಹಾಳೆ.

ಶಾಲೆಯ ಮೇಷ್ಟ್ರಾದ ಪೆತೆಲೊ ಆರು ವರ್ಷ ಕೂತು ಒಂದು ಥ್ರಿಲ್ಲರ್ ಬರೆದಿದ್ದ. ಸೋಮವಾರದ ಹಡಗಿಗೆ ಅದು ರಾಜಧಾನಿ ಆಪಿಯಾದ ಅಚ್ಚುಮನೆಗೆ ಹೋಗಬೇಕು. ಅದಕ್ಕೆ ಮುಂಚೆ ಅಜ್ಜಿ ಕೇಳಬೇಕು, ಕೇಳಿ 'ಅವೂಏ' ಎನ್ನಬೇಕು. ಅನ್ನದಿದ್ದರೆ ಕಳಿಸುವುದಿಲ್ಲವೆಂದು ಹರಕೆ ಹೊತ್ತವನಂತೆ ನಿಶ್ಚಯಿಸಿದ್ದ. ಅವನಿಗೆ ಕತೆಯ ರುಚಿ ಹತ್ತಿಸಿದವಳೇ ಅವಳು. ಅವರಲ್ಲಿ ಕತೆಗೆ 'ಅವೂಏ' ಎಂದು ಹೂಂಗುಟ್ಟುವುದು ಕೇಳುವವರ ಕೆಲಸ. ಆ ದನಿ ಬರದಿದ್ದರೆ ಕೇಳುವವರಿಗೆ ನಿದ್ದೆ ಹತ್ತಿತೆಂದು ತಿಳಿದು ಹೇಳುವವರು ಬಾಯಿ ಮುಚ್ಚುತ್ತಾರೆ.

ಪೆತೆಲೊ ಓದಿದ. ಮೊದಲ ಪುಟದಲ್ಲೇ ಮೀನಿನ ಪೆಟ್ಟಿಗೆಯೊಳಗೆ ಹೆಣ. ಎರಡನೆಯದರಲ್ಲಿ ಚೂರಿ. ಮೂರಕ್ಕೆ ದೋಣಿಗಳ ಬೆನ್ನಟ್ಟಾಟ. ನಾಲ್ಕು ಮುಗಿದರೂ ಅಜ್ಜಿಯಿಂದ ಉಸಿರಿಲ್ಲ, ತಲೆ ತಗ್ಗಿತ್ತು. ರೂಢಿಯಂತೆ ಹಾಳೆ ಮಡಚಿದ.

"ಯಾಕೋ ನಿಲ್ಸಿದೆ?" ಎಂದಳು ಅಜ್ಜಿ.

"ನಿದ್ದೆ ಮಾಡ್ತಿದೀಯಲ್ಲಜ್ಜಿ."

"ಎಳೆ ಎಣಿಸ್ತಿದ್ದೆ ಕಣೋ. ನಿನ್ನ ಗದ್ದಲದಲ್ಲಿ ನಿದ್ದೆ ಬೇರೆ ಕೇಡು!"

"ಮತ್ತೆ ಅವೂಏ ಅನ್ಲಿಲ್ಲ?"

"ಎಲ್ಲಿ ಅನ್ಲಿ? ಜಾಗ ಬಿಟ್ಟಿದ್ದೀಯಾ?"

ಲಾಗಿ ಕಿಸಕ್ಕೆಂದಳು. "ಮೇಷ್ಟ್ರೇ, ಸತ್ತೋನು ಯಾರು ಅಂತ ತಿಳ್ಕೊಳೋದ್ರೊಳಗೆ ಇನ್ನಿಬ್ರು ಸತ್ರು. ಅಳೋಕಾದ್ರೂ ಪುರುಸೊತ್ತು ಕೊಡ್ರಪ್ಪ."

"ದೇವರೇ ಆರು ದಿನ ದುಡಿದು ಏಳನೇ ದಿನ ಸುಮ್ನಿದ್ದ," ಎಂದಳು ಅಜ್ಜಿ. "ನೀನು ಒಂದು ಗಳಿಗೆ ಸುಮ್ನಿರಲಿಲ್ಲವಲ್ಲೋ ಮಗಾ."

ಪೆತೆಲೊನ ಕಿವಿ ಕೆಂಪಾಯಿತು. ಆದರೂ ಮಾತು ನಾಟಿತು. ಹಿಂದೊಮ್ಮೆ ಚರ್ಚಿನ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದ ಸಿನಿಮಾ ಕಣ್ಮುಂದೆ ಬಂತು. ಬಾಗಿಲ ಹಿಡಿ ಮೆಲ್ಲಗೆ ತಿರುಗುತ್ತಿತ್ತು, ಅಷ್ಟೇ. ಇಡೀ ಹಳ್ಳಿ ಒಂದೇ ಎದೆಯಾಗಿ ಉಸಿರು ಬಿಗಿಹಿಡಿದಿತ್ತು. ಅವನು ಮೆಚ್ಚಿ ಮತ್ತೆ ಮತ್ತೆ ಓದಿದ ಪುಸ್ತಕಗಳಲ್ಲೂ ಅಂಥ ಪುಟಗಳಿದ್ದವು. ತಿರುವಲು ಬೆರಳು ಹೆದರುತ್ತಿತ್ತು. ಅವನ್ನು ಬರೆದ ಮಹಾಶಯರೆಲ್ಲ ಕಾಯುವುದನ್ನು ಬಲ್ಲವರು. ಅವನು ಅವರಿಂದ ಹೆಣ, ಚೂರಿಗಳನ್ನು ಕಲಿತು ತಾಳ್ಮೆಯನ್ನು ಅಲ್ಲೇ ಬಿಟ್ಟುಬಂದಿದ್ದ. ಓದುಬರಹವಿಲ್ಲದ ಅಜ್ಜಿಗೆ ಆ ವಿದ್ಯೆ ಹುಟ್ಟಿನಿಂದಲೇ ಒಲಿದಿತ್ತಲ್ಲ ಎನಿಸಿ ಮನಸ್ಸಿನಲ್ಲೇ ಕೈಮುಗಿದ.

ಸೋಮವಾರದ ಹಡಗು ತನ್ನ ಪುಸ್ತಕವಿಲ್ಲದೆ ಹೋಗುತ್ತದೆಂದು ಗೊತ್ತಾಯಿತು. ಹಾಳೆಗಳನ್ನು ಪಕ್ಕಕ್ಕಿಟ್ಟು ಬಾಯಿಮಾತಿನಲ್ಲೇ ಶುರುಮಾಡಿದ.

"ಒಬ್ಬ ಹೆಂಗಸು, ಭಾನುವಾರದ ಊಟಕ್ಕೆ ಮೀನು ತರೋಕೆ ಹೋದ್ಲು. ಗಂಡ ಬೆಳಿಗ್ಗೆಯಿಂದ ಕಂಡಿರ್ಲಿಲ್ಲ. ಎಲ್ಲೋ ಹರಟೆ ಹೊಡೀತಿರ್ತಾನೆ ಅಂದ್ಕೊಂಡ್ಲು. ಪೆಟ್ಟಿಗೆ ಪಕ್ಕದಲ್ಲಿ ಅವನ ಚಪ್ಪಲಿ. ಒಂದೇ ಒಂದು. ಬಗ್ಗಿ ಅದನ್ನ ನೆಟ್ಟಗೆ ಇಟ್ಲು. ಆಮೇಲೆ ಮುಚ್ಚಳದ ಮೇಲೆ ಕೈ ಇಟ್ಲು..."

ಅಲ್ಲಿಗೆ ಸುಮ್ಮನಾದ.

ಲಾಗಿಯ ಕೈಯ ಎಳೆ ಜಾರಿತು. ಅಜ್ಜಿಯ ಬೆರಳು ಚಾಪೆಯ ಮೇಲೆ ನಿಂತವು. ಅವನು ಕಾದ, ಮುಂದಿನ ಮಾತು ನಾಲಗೆಯ ತುದಿಗೆ ಬಂದರೂ ತಡೆದು ಕಾದ.

ಫಿಲೊಮೆನಾ ತಲೆ ಎತ್ತದೆ, ಅವನಿಗೆ ಸಲ್ಲಬೇಕಾದದ್ದನ್ನು ಮೆಲ್ಲಗೆ ಸಲ್ಲಿಸಿದಳು.

"ಅವೂಏ..."